ಟ್ಯಾಂಕು, ಸಬ್‌ಮರೀನು ಮತ್ತು ನಮ್ಮನೆಯ ಶೋಕೇಸು

ನನ್ನ ಬಳಿ ಒಂದು ಸೈನ್ಯವಿದೆ. ನಗಬೇಡಿ. ಟ್ಯಾಂಕು, ಫಿರಂಗಿ, ಯುದ್ಧವಿಮಾನ, ಹೆಲಿಕಾಪ್ಟರು, ಕ್ಷಿಪಣಿ ಹೊತ್ತ ಹಡಗು, ಮರಳಿನಲ್ಲಿ ಓಡುವ ಜೀಪು, ಎಲ್ಲವೂ ಇವೆ. ಸಣ್ಣಪುಟ್ಟ ದೇಶವೊಂದು ನನ್ನ ಮೇಲೆ ಏರಿ ಬಂದರೆ ಮಧ್ಯಾಹ್ನದ ಊಟದೊಳಗೆ ಅದನ್ನು ಹಿಮ್ಮೆಟ್ಟಿಸಬಲ್ಲೆ ಎಂಬ ಧೈರ್ಯ ನನಗೆ ಈಚಿನ ದಸರೆಯವರೆಗೂ ಇತ್ತು. ಇಷ್ಟೂ ಸೈನ್ಯ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಿಡಿಸುತ್ತದೆ!

ವಿಷಯ ಇಷ್ಟೇ. ತೊಂಬತ್ತರ ದಶಕದ ಶುರುವಿನಲ್ಲಿ, ಎಲ್ಲೋ ದೂರದ ಮರುಭೂಮಿಯಲ್ಲಿ ಯುದ್ಧ ನಡೆದು ರೇಡಿಯೋದವರು ದಿನವೂ ಅದನ್ನೇ ಹೇಳುತ್ತಿದ್ದ ಕಾಲಕ್ಕೆ, ಕೊಪ್ಪಳದ ನಮ್ಮ ಸಾಲೆಯ ಎದುರಿನ ಅಂಗಡಿಗೆ ಒಂದು ಬಬಲ್‌ಗಮ್ ಬಂತು. ಗಮ್ಮು ಕಲ್ಲಿನಷ್ಟು ಗಟ್ಟಿ. ಅದನ್ನು ಅಗಿದರೆ ಹಲ್ಲು ನೋಯುತ್ತಿತ್ತೇ ಹೊರತು ಬುಗ್ಗೆ ಬರುತ್ತಿರಲಿಲ್ಲ. ಆದರೆ ಪ್ರತಿ ಪೊಟ್ಟಣದೊಳಗೂ ಅಂಗೈಯಗಲದ ಒಂದು ಕಾರ್ಡು ಇರುತ್ತಿತ್ತು. ಮುಂದೆ ಯುದ್ಧಸಾಮಗ್ರಿಯ ಬಣ್ಣದ ಚಿತ್ರ, ಹಿಂದೆ ಅದರ ನಂಬರು, ತೂಕ, ವೇಗ, ಎಲ್ಲ ಇಂಗ್ಲಿಷಿನಲ್ಲಿ. ನಾನು ಇಂಗ್ಲಿಷ್ ಕಲಿತದ್ದೇ ಆ ಕಾರ್ಡುಗಳ ಬೆನ್ನು ಓದಿ. ಪರೀಕ್ಷೆಯಲ್ಲಿ ಹಸುವಿನ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ಹಸುವಿನ ತೂಕ, ಗರಿಷ್ಠ ವೇಗ, ಅದರೊಳಗೆ ಎಷ್ಟು ಮಂದಿ ಸೈನಿಕರು ಕೂಡಬಹುದು ಎಂದೆಲ್ಲ ಬರೆದು ಬಂದಿದ್ದೆ!

ಆ ಸೆಟ್ಟಿನಲ್ಲಿ ನನ್ನ ಹತ್ತಿರ ಇಲ್ಲದ್ದು ಒಂದೇ ಕಾರ್ಡು: ಸಬ್‌ಮರೀನು. ನಾನೀಗ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ದಿನಬೆಳಗಾದರೆ ಕಣ್ಣೆದುರು ಡ್ಯಾಮಿನ ಅಷ್ಟೊಂದು ನೀರು, ಅದರಲ್ಲಿ ಮುಳುಗಿಸಲು ಒಂದು ಸಬ್‌ಮರೀನಿಲ್ಲ. ಈ ಸಂಕಟವನ್ನು ಯಾರ ಮುಂದೆ ಹೇಳಲಿ? ಹೆಂಡತಿಯ ಮುಂದೆ ಒಮ್ಮೆ ಹೇಳಿದ್ದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದ್ದಳು.

ಸಬ್‌ಮರೀನು ಇದ್ದದ್ದು ನನ್ನ ಸಹಪಾಠಿ ಮಹಾಂತೇಶನ ಹತ್ತಿರ, ಅದೂ ಎರಡು. ಕುಷ್ಟಗಿಯವನು, ಕೊಪ್ಪಳದಲ್ಲಿ ಸೋದರಮಾವನ ಮನೆಯಲ್ಲಿದ್ದು ನನ್ನ ಜೊತೆ ಓದುತ್ತಿದ್ದ. ಅವನಿಗೆ ಟ್ಯಾಂಕು ಬಂದಿರಲಿಲ್ಲ, ನನ್ನ ಬಳಿ ಎರಡು ಟ್ಯಾಂಕುಗಳಿದ್ದವು. ಅದಲು ಬದಲು ಮಾಡಿಕೊಂಡಿದ್ದರೆ ಇಬ್ಬರ ಸೆಟ್ಟೂ ಪೂರ್ತಿಯಾಗುತ್ತಿತ್ತು. ಆದರೆ ಯಾರು ಮೊದಲು ಕೊಡಬೇಕು? "ನೀ ಮೊದಲ ಕೊಡು" ಎಂದು ಅವನು, "ನೀ ಮೊದಲ ಕೊಡು" ಎಂದು ನಾನು. ಏಳನೆಯ ತರಗತಿ ಮುಗಿಯುವವರೆಗೂ ಮಾತುಕತೆ ನಡೆಯಿತು. ಆಮೇಲೆ ಅವನು ಸೆಟ್ಟಿನ ಸಮೇತ ಕುಷ್ಟಗಿಗೆ ಹೋಗಿಬಿಟ್ಟ. ಶಾಂತಿ ಸಂಧಾನ ಅಲ್ಲಿಗೆ ಮುರಿದುಬಿತ್ತು.

ಈ ಸಲದ ದಸರೆಗೆ ಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ನೀಲಾ ಅಟ್ಟದ ಮೇಲಿಂದ ಆ ಡಬ್ಬಿಯನ್ನು ಇಳಿಸಿ ನನ್ನ ಮುಂದೆ ಕುಕ್ಕಿದಳು.

"ಇದನ್ನ ಹಳೇ ಸಾಮಾನಿನವಗ ಹಾಕಲೇನ್ರಿ?"

ಡಬ್ಬಿಯನ್ನು ಎದೆಗವಚಿಕೊಂಡೆ. "ಏ, ಮುಟ್ಟಬ್ಯಾಡ! ಇದು ನನ್ನ ಸಂಗ್ರಹ. ಇಂಥಾದ್ದನ್ನ ಹೊರದೇಶದಾಗ ಕಾಜಿನ ಕಪಾಟಿನ್ಯಾಗ ಇಡತಾರ."

"ಹೌದಾ? ಹಂಗಂದ್ರ ಹೊರದೇಶಕ್ಕ ಕಳಸ್ರಿ."

"ನಮ್ಮ ಮನ್ಯಾಗೂ ಕಾಜಿನ ಕಪಾಟು ಐತಲ್ಲ, ಅದರಾಗ ಇಡೂದು."

ಇದು ನಾನು ಆಡಬಾರದಿದ್ದ ಮಾತು. ಪಡಸಾಲೆಯಲ್ಲಿ ಆಗಷ್ಟೇ ಹೊಸ ಶೋಕೇಸು ಮಾಡಿಸಿದ್ದೆವು. ಅದರ ನಡುವಿನ ಅಂಕಣದ ಮೇಲೆ ನೀಲಾ ಮೊದಲೇ ಕಣ್ಣಿಟ್ಟಿದ್ದಳು. ಅಲ್ಲಿ ಆಕೆಯ ತವರಿನವರು ಕೊಟ್ಟ ಕಿನ್ನಾಳದ ಕಟ್ಟಿಗೆಯ ಗೊಂಬೆ ಗಿಳಿಗಳು ಕೂಡಬೇಕಿತ್ತು. ವಾದ ಬಿಸಿಯಾಯಿತು. ಮೂಲೆಯಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದ ನಮ್ಮವ್ವ ಎರಡೂ ಕಡೆಗೂ ಸಮನಾಗಿ ತಲೆಯಾಡಿಸಿದಳು. ಕೊನೆಗೆ ನೀಲಾ ತೀರ್ಪು ಕೊಟ್ಟಳು.

"ಆತ್ರಿ. ನಿಮ್ಮ ಸೆಟ್ ಪೂರಾ ಆದ್ರ ನಡುವಿನ ಖಾನೆ ನಿಮಗ. ಅರ್ಧಾಮರ್ಧಾ ಇದ್ರ ನನ್ನ ಗಿಳಿಗೆ. ಆಮ್ಯಾಲ ಡಬ್ಬಿ ಮತ್ತ ಕಣ್ಣಿಗೆ ಬೀಳಬಾರದು. ಬನ್ನಿ ಕೊಡೂದು ಮುಗಿಯೂ ತನಕ ಟೈಮ್ ಕೊಟ್ಟೀನಿ."

ಮರ್ಯಾದೆಯ ಪ್ರಶ್ನೆ! ಮಹಾಂತೇಶನ ನಂಬರನ್ನು ಇನ್ಯಾರಿಂದಲೋ ಸಂಪಾದಿಸಿ ಫೋನು ಹಚ್ಚಿದೆ. ಇಷ್ಟು ವರ್ಷಗಳ ಮೇಲೆ ಮಾತಾಡುತ್ತಿದ್ದೇನೆ, ಆರೋಗ್ಯ, ಮಕ್ಕಳು, ಮಳೆ, ಬೆಳೆ ಎಲ್ಲ ವಿಚಾರಿಸಬೇಕು ಎಂದುಕೊಂಡೇ ಹಚ್ಚಿದ್ದು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಲೇ ಮಾಂತ್ಯಾ, ಸಬ್‌ಮರೀನ್ ಐತೇನಲೇ?"

ಆ ಕಡೆಯಿಂದ ಕೂಡಲೇ ಉತ್ತರ ಬಂತು.

"ಟ್ಯಾಂಕ್ ಐತೇನಲೇ ಗವ್ಯಾ?"

ಗವ್ಯಾ ಎಂದರೆ ನಾನು, ಗವಿಸಿದ್ದಪ್ಪ. ಯಾರು, ಎಲ್ಲಿಂದ ಎಂದು ಅವನೂ ಕೇಳಲಿಲ್ಲ. ಇಂಥ ಗೆಳೆತನ ಇನ್ನೆಲ್ಲಿ ಸಿಗುತ್ತದೆ? ಅವನೀಗ ಕುಷ್ಟಗಿಯಲ್ಲಿ ಸ್ಟೀಲು ಪಾತ್ರೆಯ ಅಂಗಡಿ ಇಟ್ಟಿದ್ದಾನಂತೆ. ಹಬ್ಬದ ಗಿರಾಕಿ ಜೋರಿದೆ, ಹಬ್ಬ ಮುಗಿದ ಮೇಲಿನ ಭಾನುವಾರ ಬಾ, ಬನ್ನಿ ಕೊಟ್ಟಂಗೂ ಆಯಿತು, ಕಾರ್ಡು ಕೊಟ್ಟಂಗೂ ಆಯಿತು ಎಂದ. ಒಂದು ಶರತ್ತನ್ನೂ ಹಾಕಿದ.

"ಕಾರ್ಡ್ ಮಾತ್ರ ಹೊಸಾದರಂಗ ಇರಬೇಕು ನೋಡು. ಮೂಲಿ ಮಡಚಿರಬಾರದು, ಕಲಿ ಇರಬಾರದು. ಹೊಲಸ ಇದ್ರ ತರಬ್ಯಾಡ."

"ಏ, ನಂದು ಗರಿಗರಿ ನೋಟಿನಂಗ ಐತಿ! ನಿಂದು?"

"ನಂದೂ ಹಂಗ!"

ಫೋನಿಟ್ಟು, ಡಬ್ಬಿಯಿಂದ ಎರಡೂ ಟ್ಯಾಂಕು ತೆಗೆದೆ. ಒಂದು ನಿಜಕ್ಕೂ ಹೊಸದರಂತಿತ್ತು. ಎರಡನೆಯದರ ಬೆನ್ನಿಗೆ ಒಂದು ಗಮ್ಮು ಅಂಟಿಕೊಂಡಿತ್ತು. ಮಾಸ್ತರು ತಟ್ಟನೆ ಒಳಗೆ ಬಂದಾಗ ಬಾಯಲ್ಲಿದ್ದದ್ದನ್ನು ಕೈಗೆ ಸಿಕ್ಕ ಕಾರ್ಡಿಗೆ ಮೆತ್ತಿ ಜೇಬಿಗೆ ಸೇರಿಸಿದ್ದೆನೆಂದು ಕಾಣುತ್ತದೆ. ಈಗ ಅದು ಟ್ಯಾಂಕಿಗೇ ಬೆಸೆದುಕೊಂಡಿತ್ತು.

"ಅದಕ್ಯಾಕ ಅಷ್ಟು ವಿಚಾರ ಮಾಡ್ತೀರಿ?" ಎಂದಳು ನೀಲಾ. "ಛಲೋದು ಅವರಿಗೆ ಕೊಡ್ರಿ, ಗಮ್ ಹತ್ತಿದ್ದು ನೀವ ಇಟಗೋರ್ರಿ. ಹೆಂಗೂ ಬೆನ್ನಿಗೈತಿ, ಕಾಣಂಗಿಲ್ಲ."

"ತಲಿ ಕೆಟ್ಟೈತೇನು? ಛಲೋದನ್ನ ಯಾರಾದ್ರೂ ಕೊಡತಾರೇನು?"

ಈಗ ಯೋಚಿಸಿದರೆ, ಇಡೀ ಪ್ರಕರಣದಲ್ಲಿ ನನ್ನ ಕಿವಿಗೆ ಬಿದ್ದ ಬುದ್ಧಿಯ ಮಾತೆಂದರೆ ನೀಲಾ ಹೇಳಿದ ಅದೊಂದೇ. ಅದನ್ನು ಅಲ್ಲಿಯೇ ತಳ್ಳಿಹಾಕಿ ನಾನು ಕಾರ್ಯಾಚರಣೆಗೆ ಇಳಿದೆ.

ಫೋನಿನ ವಿಡಿಯೋದಲ್ಲಿ ಒಬ್ಬ ಬಿಳಿಯ ಮನುಷ್ಯ ಇಂಥ ಗಮ್ಮನ್ನು ಬಿಡಿಸುವ ಬಗೆಯನ್ನು ತೋರಿಸಿದ್ದ. ಬಿಸಿ ಆವಿಯ ಮೇಲೆ ಕಾರ್ಡು ಹಿಡಿದರೆ ಸಾಕು, ಗಮ್ಮು ತಾನಾಗಿ ಸಡಿಲಾಗುತ್ತದೆ. ಆವಿ ನಮ್ಮ ಮನೆಯಲ್ಲಿ ಬೇಕಾದಷ್ಟಿತ್ತು. ಅಂದು ಆಯುಧ ಪೂಜೆ. ನೀಲಾ ಹೋಳಿಗೆಗೆ ಕಡಲೆಬೇಳೆ ಬೇಯಿಸಿ, ಬಸಿದ ಕಟ್ಟನ್ನು ಸಾರಿಗಾಗಿ ದೊಡ್ಡ ಬೋಗುಣಿಯಲ್ಲಿ ಕುದಿಯಲು ಇಟ್ಟಿದ್ದಳು. ಆಕೆ ಕಣಕ ನಾದಲು ಆ ಕಡೆ ತಿರುಗಿದ ಸಮಯ ಸಾಧಿಸಿ, ಇಕ್ಕಳದಲ್ಲಿ ಟ್ಯಾಂಕು ಹಿಡಿದು ಆವಿಯ ಮೇಲೆ ಚಾಚಿದೆ. ಆ ಬಿಳಿಯ ಮನುಷ್ಯ ಸುಳ್ಳು ಹೇಳಿರಲಿಲ್ಲ. ಗಮ್ಮು ನಿಧಾನಕ್ಕೆ ಮೆತ್ತಗಾಗತೊಡಗಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎಡಗೈಯಿಂದ ತೆಗೆದೆ. ಮಹಾಂತೇಶ.

"ಟ್ಯಾಂಕ್ ಹೆಂಗೈತಲೇ?"

ಡುಬಕ್!

"ಭಾಳ ಛಲೋ ಐತಿ" ಎಂದು ಹೇಳಿ ಫೋನು ಕತ್ತರಿಸಿದೆ.

"ಏನ್ರಿ ಅದು ಬಿದ್ದದ್ದು?" ನೀಲಾ ತಿರುಗಿದಳು.

"ಏನಿಲ್ಲ, ಕರಿಬೇವು."

"ಕರಿಬೇವು ಹಂಗ ಡುಬಕ್ ಅಂತೈತೇನ್ರಿ?"

ಸೌಟು ಹಾಕಿ ಎತ್ತಿದಳು. ಸೌಟಿನೊಳಗೆ ಟ್ಯಾಂಕು, ಬೆನ್ನ ಮೇಲೆ ಒಂದೆರಡು ಕಡಲೆಬೇಳೆ. ಗಮ್ಮು ಮಾತ್ರ ಇರಲಿಲ್ಲ. ಅದು ಕಟ್ಟಿನೊಳಗೆ ಕರಗಿ ಪರಮಪದ ಸೇರಿತ್ತು.

"ಇದು ಯಾವ ಊರಿನ ಕರಿಬೇವ್ರಿ, ಗಾಲಿ ಇರೂದು?"

ಮುಂದಿನ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಷ್ಟೂ ಕಟ್ಟನ್ನು ಹಿತ್ತಲಿಗೆ ಚೆಲ್ಲಲಾಯಿತು. ಕಟ್ಟಿನ ಸಾರಿಲ್ಲದ ಹೋಳಿಗೆ ಊಟ! ನಮ್ಮ ಕಡೆ ಇದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ. ಅವ್ವ ಬರಿಯ ಹೋಳಿಗೆ ಮುರಿಯುತ್ತ, "ನಿಮ್ಮಪ್ಪ ಇದ್ದಾಗ ಹಿಂಗ ಆಗಿದ್ದಿಲ್ಲ" ಎಂದು ನಿಟ್ಟುಸಿರುಬಿಟ್ಟಳು.

ಆದರೆ ಅದು ಊಟದ ಮಾತು. ಅದಕ್ಕೂ ಮೊದಲು ಟ್ಯಾಂಕನ್ನು ಒಣಗಿಸಬೇಕಿತ್ತು. ಹೋಳಿಗೆ ಬೇಯಿಸಿ ಇಳಿಸಿದ್ದ ಹಂಚು ಇನ್ನೂ ಬೆಚ್ಚಗಿತ್ತು. ಬೆಚ್ಚಗಷ್ಟೇ ಇದೆ ಎಂದುಕೊಂಡೆ. ಕಾರ್ಡು ಇಟ್ಟೊಡನೆ ಚುಂಯ್ ಎಂದು ಹಪ್ಪಳದಂತೆ ಸುರುಳಿ ಸುತ್ತಿಕೊಂಡಿತು. ಎತ್ತಿ ನೋಡಿದರೆ ತೊಟ್ಟಿಲಾಗಿತ್ತು. ಟ್ಯಾಂಕಿನ ಮೂತಿ ಹಿಂಬದಿಗೆ ಮುತ್ತಿಕ್ಕುವಂತಿತ್ತು. ಹೀಗೇ ಗುಂಡು ಹಾರಿಸಿದರೆ ತನ್ನ ಬೆನ್ನಿಗೆ ತಾನೇ ಹೊಡೆದುಕೊಳ್ಳುತ್ತಿತ್ತು.

ಸಪಾಟು ಮಾಡಲು ಭಾರ ಬೇಕು. ನಮ್ಮ ಹಿತ್ತಲ ಪಡಸಾಲೆಯಲ್ಲಿ ಬೀಸುವ ಕಲ್ಲಿದೆ. ಈಗ ಬೀಸುವವರಿಲ್ಲ, ಆದರೂ ಅವ್ವನ ಅತ್ತೆಯ ಕಾಲದ್ದೆಂದು ಇಟ್ಟುಕೊಂಡಿದ್ದೇವೆ. ಕಷ್ಟಪಟ್ಟು ಕಲ್ಲನ್ನು ತುಸು ಓರೆ ಮಾಡಿ, ಕಾರ್ಡನ್ನು ಎರಡು ಹಾಳೆಗಳ ನಡುವೆ ಇಟ್ಟು ಅಡಿಗೆ ತಳ್ಳಿದೆ. ಸಂಜೆಯೊಳಗೆ ನೆಟ್ಟಗಾಗುತ್ತದೆ! ಸೊಂಟ ಹಿಡಿದುಕೊಂಡಿತೆಂಬುದು ಬಿಟ್ಟರೆ ಕೆಲಸ ಅಚ್ಚುಕಟ್ಟಾಗಿ ಆಯಿತು. ಆ ಸಂತೋಷದಲ್ಲಿ ಮೋಟರ್‌ಸೈಕಲ್ಲು ತೊಳೆಯಲು ಹೊರಗೆ ಹೋದೆ.

ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ಯಾವುದಕ್ಕೆ ಪೂಜೆಯಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಇಷ್ಟು ವರ್ಷ ನೋಡಿದ್ದೇನೆ. ಕೊಡಲಿ, ಕುಡಗೋಲು, ಮಿಕ್ಸರು, ಹೊಲಿಗೆ ಯಂತ್ರ, ಕೊನೆಗೆ ಇಸ್ತ್ರಿ ಪೆಟ್ಟಿಗೆಗೂ ಅವ್ವ ವಿಭೂತಿ ಹಚ್ಚುತ್ತಾಳೆ. ಬೀಸುವ ಕಲ್ಲನ್ನು ಬಿಟ್ಟಾಳೆಯೇ? ನಾನು ಮೋಟರ್‌ಸೈಕಲ್ಲಿಗೆ ಬಾಳೆಕಂದು ಕಟ್ಟಿ ಒಳಗೆ ಬರುವ ಹೊತ್ತಿಗೆ ಅವ್ವ ಆ ಕಲ್ಲಿಗೆ ಕೊಡಗಟ್ಟಲೆ ನೀರು ಹೊಯ್ದು ತಿಕ್ಕಿ, ಅರಿಷಿಣ ಕಲಸಿ ಬಳಿದು, ಕುಂಕುಮವಿಟ್ಟು, ಅದರ ನೆತ್ತಿಯ ಮೇಲೆಯೇ ತೆಂಗಿನಕಾಯಿ ಒಡೆಯುತ್ತಿದ್ದಳು.

"ಅವ್ವಾ!" ಎಂದು ನಾನು ಚೀರಿದ ರೀತಿಗೆ ಪಕ್ಕದ ಮನೆಯವರು ಬಂದರು.

"ಯಾಕೋ ತಮ್ಮಾ, ಏನಾತು?"

"ಅದರ ಬುಡಕ ನನ್ನ ಟ್ಯಾಂಕ್ ಐತಿ!"

ಪಕ್ಕದ ಮನೆಯವರು ಕಲ್ಲಿನ ಬುಡವನ್ನೂ ನನ್ನ ಮುಖವನ್ನೂ ನೋಡಿ, ಪ್ರಸಾದ ತೆಗೆದುಕೊಂಡು ಹೋದರು. ಕಲ್ಲು ಸರಿಸಿ ಕಾರ್ಡು ಹೊರತೆಗೆದೆ. ಸಪಾಟಾಗಿತ್ತು, ನಿಜ. ಆದರೆ ಅಂಚಿನಿಂದ ಅಂಚಿನವರೆಗೆ ಹಳದಿ! ನಡುವೆ ಕುಂಕುಮದ ಒಂದು ಹೊಳೆ ಹರಿದಿತ್ತು. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇದು ತೋಪಿನ ಗಾಡಿ ಅಲ್ಲೇನೋ?"

"ಹೂಂ."

"ಮತ್ತ ಆಯುಧಾನ ಆತಲ್ಲ. ಇದಕ್ಕೂ ಪೂಜಿ ಮುಟ್ಟೇತಿ, ಛಲೋ ಆತು ಬಿಡು."

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಲೆ ಹೋಗಬೇಕಾದರೆ ಸಾಬೂನು. ಅಷ್ಟು ಸಾಮಾನ್ಯ ಜ್ಞಾನ ನನಗಿಲ್ಲವೇ? ಬಟ್ಟೆ ಸಾಬೂನನ್ನು ಬೆರಳಿಗೆ ಹಚ್ಚಿಕೊಂಡು ಮೃದುವಾಗಿ, ಪ್ರೀತಿಯಿಂದ ತಿಕ್ಕಿದೆ. ಕಣ್ಣೆದುರೇ ಹಳದಿ ಟ್ಯಾಂಕು ಕೆಂಪಾಗುತ್ತ ಬಂತು. ಇನ್ನಷ್ಟು ತಿಕ್ಕಿದೆ. ಇನ್ನಷ್ಟು ಕೆಂಪಾಯಿತು. ಟ್ಯಾಂಕು ಗಾಯಗೊಂಡಂತಿತ್ತು.

ಬಾಗಿಲಾಚೆ ನಿಂತ ನೀಲಾ ಹೇಳಿದಳು, "ಅರಿಷಿಣಕ್ಕ ಸಾಬೂನು ಹಚ್ಚಿದ್ರ ಕೆಂಪ ಆಕ್ಕೈತಿ ಅಂತ ಸಣ್ಣ ಹುಡುಗ್ರಿಗೂ ಗೊತ್ತೈತ್ರಿ. ನಿಮ್ಮ ಕಾರ್ಡಿನ ಬೆನ್ನ ಮ್ಯಾಲ ಬರದಿದ್ದಿಲ್ಲೇನ?"

ಇಷ್ಟಾದ ಮೇಲಾದರೂ ಸೋಲು ಒಪ್ಪಿಕೊಂಡು ಒಳ್ಳೆಯ ಟ್ಯಾಂಕನ್ನು ಮಹಾಂತೇಶನಿಗೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀಲಾಳೂ ಕೇಳಿದಳು. ಆದರೆ ಸಾರಿಗೆ ಬಿದ್ದು, ಹಂಚಿನ ಮೇಲೆ ಹೊರಳಿ, ಕಲ್ಲಿನಡಿ ನರಳಿದ ಈ ಕೆಂಪು ಟ್ಯಾಂಕು ನನ್ನ ಸೆಟ್ಟಿನಲ್ಲಿ, ನನ್ನ ಶೋಕೇಸಿನಲ್ಲಿ ಕೂಡಬೇಕೇ? ಸಾಧ್ಯವೇ ಇಲ್ಲ! ನನಗೆ ಹೊಸ ಉಪಾಯ ಹೊಳೆದಿತ್ತು. ಶೋಕೇಸಿಗಾಗಿ ಕಾದಿದ್ದ ನೀಲಾಳ ಗಿಳಿಗಳನ್ನು ನೋಡಿಯೇ ಹೊಳೆದದ್ದು. ಕಿನ್ನಾಳ! ಅಲ್ಲಿನ ಚಿತ್ರಗಾರರು ಒಣ ಕಟ್ಟಿಗೆಯ ಗಿಳಿಗೆ ಜೀವ ತುಂಬುವವರು. ಒಂದು ಟ್ಯಾಂಕಿಗೆ ಬಣ್ಣ ಹಚ್ಚಿ ಮೊದಲಿನಂತೆ ಮಾಡುವುದು ಅವರಿಗೆ ಎಷ್ಟರ ಮಾತು?

ಅಂದೇ ಸಂಜೆ, ಬಾಳೆಕಂದು ಕಟ್ಟಿದ್ದ ಮೋಟರ್‌ಸೈಕಲ್ಲಿನ ಮೇಲೆ ಕಿನ್ನಾಳಕ್ಕೆ ಹೋದೆ. ಊರವರು ಈರಣ್ಣ ಎಂಬ ಗೊಂಬೆ ಮಾಡುವವರ ಮನೆ ತೋರಿಸಿದರು. ಈರಣ್ಣ ಕಾರ್ಡು ಹಿಡಿದು, ದೂರ ಒಯ್ದು, ಹತ್ತಿರ ತಂದು ನೋಡಿದರು.

"ಇವತ್ತ ಕುಂಚ ಮುಟ್ಟಂಗಿಲ್ಲರಿ ಸರ, ಪೂಜಾಕ್ಕ ಇಟ್ಟೀವಿ. ಹಬ್ಬ ಆದ ಮ್ಯಾಲ ಮಾಡಿ ಇಟ್ಟಿರತೀನಿ. ಇದು ಮೊದಲ ಹೆಂಗಿತ್ರಿ?"

ಈ ಪ್ರಶ್ನೆಗೆ ಉತ್ತರ ನನ್ನ ಮನೆಯ ಡಬ್ಬಿಯಲ್ಲಿತ್ತು. ಒಳ್ಳೆಯ ಟ್ಯಾಂಕನ್ನು ತಂದು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ದಾರಿಯಲ್ಲಿ ಧೂಳು, ಗಾಳಿ. ಮೇಲಾಗಿ ಎಲ್ಲಿಯೋ ಬಿದ್ದುಹೋದರೆ? ಅದಕ್ಕೇ ತಂದಿರಲಿಲ್ಲ. ಬಾಯಿಂದಲೇ ಬಣ್ಣಿಸಿದೆ.

"ನೋಡ್ರಿ, ದೊಡ್ಡ ಮೈ. ದಪ್ಪ ಚರ್ಮ ಇದ್ದಂಗ. ಎದುರ ಬಂದದ್ದನ್ನ ತುಳಕೋತ ಹೊಕ್ಕೈತಿ. ಮುಂದ ಉದ್ದಕ ಸೊಂಡಿ ಇದ್ದಂಗ ಒಂದು ಕೊಳವಿ. ಮ್ಯಾಲ ಒಬ್ಬಾವ ಕುಂತಿರತಾನ."

"ತಿಳೀತ್ರಿ" ಎಂದರು ಈರಣ್ಣ, ಬಹಳ ಸಮಾಧಾನದಿಂದ.

"ಬಣ್ಣ ಮಣ್ಣಿನಂಗ ಇರಬೇಕು."

"ಮಣ್ಣಿನ ಬಣ್ಣ ಯಾರು ನೋಡ್ತಾರ್ರಿ? ಇರಲಿ, ನೀವು ಚಿಂತಿ ಮಾಡಬ್ಯಾಡ್ರಿ."

ನಾನು ಚಿಂತೆ ಮಾಡದೆ ಮನೆಗೆ ಬಂದು ಮಲಗಿದೆ.

ಶನಿವಾರ ಹೋದಾಗ ಕಾರ್ಡು ಸಿದ್ಧವಿತ್ತು. ನೋಡಿದವನೇ ಅಲ್ಲಿದ್ದ ಕಟ್ಟಿಗೆಯ ಕೊರಡಿನ ಮೇಲೆ ಕೂತುಬಿಟ್ಟೆ. ಆನೆ! ಫಳಫಳ ಹೊಳೆಯುವ ಹಸಿರು ಆನೆ. ಕಾಲಿನ ಜಾಗದಲ್ಲಿ ಸಾಲಾಗಿ ಕಮಲದ ಹೂವಿನಂಥ ಗಾಲಿಗಳು, ಮೇಲೆತ್ತಿದ ಸೊಂಡಿಲು, ಹಣೆಗೆ ಬಂಗಾರದ ಪಟ್ಟಿ, ಕಾಡಿಗೆ ತೀಡಿದ ಕಣ್ಣು. ಬೆನ್ನ ಮೇಲೆ ಮೀಸೆ ತಿರುವಿದ ಒಬ್ಬ ಸರದಾರ. ನಿಜ ಹೇಳಬೇಕೆಂದರೆ ಅದು ಬಹಳ ಚೆಂದವಿತ್ತು. ಟ್ಯಾಂಕು ಮಾತ್ರ ಆಗಿರಲಿಲ್ಲ.

"ಹೆಂಗೈತ್ರಿ ಸರ? ನೀವು ಹೇಳಿದಂಗ ಬಂದೈತಿಲ್ಲೋ?"

ನಾನು ಹೇಳಿದಂತೆಯೇ ಬಂದಿತ್ತು. ಜೇಬಿನಿಂದ ದುಡ್ಡು ತೆಗೆದು ಕೊಟ್ಟೆ. ಕಿಟಕಿಯಲ್ಲಿ ಅಂಥದೇ ಇನ್ನೊಂದು ಚಿತ್ರವನ್ನು ಒಣಗಲು ಇಟ್ಟಿದ್ದರು. ಒಂದು ದೊಡ್ಡ ನೀಲಿ ಮೀನು. ಮೈತುಂಬ ಬೆಳ್ಳಿಯ ಪೊರೆ, ನಗುವ ಬಾಯಿ, ಬೆನ್ನ ಮೇಲೆ ಕಳಸವಿಟ್ಟ ಪುಟ್ಟ ಗುಡಿ.

"ಇದೇನ್ರಿ, ಮೀನಿನ ಬೆನ್ನ ಮ್ಯಾಲ ಗುಡಿ?"

"ಯಾರೋ ಗಿರಾಕಿ ಹಂಗ ಮಾಡ್ರಿ ಅಂದಾರ್ರಿ. ಮೀನಿನಂಗ ನೀರಾಗ ಇರತೈತಿ, ಬೆನ್ನ ಮ್ಯಾಲ ಒಂದು ಸಣ್ಣ ಮನಿ ಇರತೈತಿ, ಅದರಾಗಿಂದ ಮಂದಿ ಹಣಿಕಿ ಹಾಕತಾರ ಅಂದ್ರು."

ಅಷ್ಟು ದುಃಖದಲ್ಲೂ ನನಗೆ ನಗು ತಡೆಯಲಾಗಲಿಲ್ಲ. "ಎಂತೆಂಥಾ ಹುಚ್ಚರು ಬರತಾರ್ರಿ ನಿಮ್ಮ ಕಡಿ!"

ಈರಣ್ಣ ನನ್ನನ್ನು ಒಮ್ಮೆ ನೋಡಿ, "ಬರತಾರ್ರಿ" ಎಂದರು.

ಭಾನುವಾರ ಬೆಳಿಗ್ಗೆ ಆನೆಯನ್ನು ಒಂದು ದಪ್ಪ ಲಕೋಟೆಗೆ ಹಾಕಿ, ಬಾಯಿಗೆ ಅಂಟು ಹಚ್ಚಿ, ಅದರ ಮೇಲೆ ಟೇಪು ಸುತ್ತಿ, ಟೇಪಿನ ಮೇಲೆ ಇನ್ನೊಮ್ಮೆ ಟೇಪು ಸುತ್ತಿದೆ. ನನ್ನ ಯೋಜನೆ ಸರಳ. ಅವನು ಲಕೋಟೆ ಒಡೆಯುವುದರೊಳಗೆ ನಾನು ಸಬ್‌ಮರೀನಿನ ಸಮೇತ ಕುಷ್ಟಗಿಯ ಗಡಿ ದಾಟಿರಬೇಕು. ದಾರಿಯುದ್ದಕ್ಕೂ ಮನಸ್ಸು ಚುಚ್ಚುತ್ತಿತ್ತು. ಬಾಲ್ಯದ ಗೆಳೆಯ, ಫೋನಿನಲ್ಲಿ ದನಿ ಕೇಳಿಯೇ ಗುರುತು ಹಿಡಿದವನು. ಅವನಿಗೆ ಮೋಸ ಮಾಡಲೇ? ಬೇಡ, ತಿರುಗಿ ಹೋಗಿಬಿಡೋಣ ಎಂದು ಒಂದು ಕಡೆ ಗಾಡಿ ನಿಲ್ಲಿಸಿಯೂಬಿಟ್ಟೆ. ಆಮೇಲೆ ಶೋಕೇಸಿನ ನಡುವಿನ ಅಂಕಣ ನೆನಪಾಯಿತು. ಗಾಡಿ ಮುಂದೆ ಹೋಯಿತು.

ಮಹಾಂತೇಶ ಸ್ಟೀಲು ಕೊಡಗಳ ನಡುವಿನಿಂದ ಎದ್ದು ಬಂದು ಅಪ್ಪಿಕೊಂಡ. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು, ನಗು ಮಾತ್ರ ಅದೇ. ಮಿರ್ಚಿ, ಮಂಡಕ್ಕಿ ತರಿಸಿದ. ತಿನ್ನುತ್ತ ನಾನು ಗಡಿಯಾರ ನೋಡಿದೆ. ಅವನೂ ನೋಡಿದ. ಹಳೆಯ ಮಾಸ್ತರುಗಳ ಸುದ್ದಿ ತೆಗೆದೆ. ಅವನು ಅರ್ಧಕ್ಕೇ ಮುಗಿಸಿದ. ನನಗೂ ಅದೇ ಬೇಕಿತ್ತು. ಕೊನೆಗೆ ಇಬ್ಬರೂ ಎದ್ದು ನಿಂತೆವು. ನನ್ನ ಕೈಯಲ್ಲಿ ಲಕೋಟೆ, ಅದರ ಮೇಲೆ ಬನ್ನಿ ಎಲೆ. ಅವನ ಕೈಯಲ್ಲೂ ಲಕೋಟೆ, ಅದರ ಮೇಲೂ ಬನ್ನಿ ಎಲೆ. ಅವನ ಲಕೋಟೆಗೂ ಟೇಪೇ ಟೇಪು!

"ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದ ಅವನು.

"ಬಂಗಾರದಂಗ ಇರೂಣು" ಎಂದೆ ನಾನು.

ಈ ಸಲ ಯಾರು ಮೊದಲು ಎಂಬ ಜಗಳವೇ ಇರಲಿಲ್ಲ. ಇಬ್ಬರ ಕೈಯೂ ಒಟ್ಟಿಗೇ ಮುಂದೆ ಬಂದವು.

"ಇಲ್ಲೇ ತೆರೀಬ್ಯಾಡ ನೋಡು" ಎಂದ ಮಹಾಂತೇಶ ಅವಸರದಿಂದ. "ಹಳೇ ಕಾರ್ಡು, ಗಾಳಿಗೆ ಕೆಡತೈತಿ. ಮನಿಗೆ ಹೋಗಿ ನೋಡು."

"ನೀನೂ ಹಂಗ ಮಾಡು. ಈಗ ರಾಹುಕಾಲ ಐತಿ" ಎಂದೆ.

"ಹೌದೌದು, ರಾಹುಕಾಲ!"

ಎಷ್ಟು ಒಳ್ಳೆಯವನು! ಒಂದು ಮಾತು ಕೇಳದೆ ನಂಬಿದನಲ್ಲ ಎಂದು ಕಣ್ಣು ತುಂಬಿ ಬಂತು. ಅವನ ಕಣ್ಣೂ ತುಂಬಿತ್ತು. ಹೊರಟವನು ಕೊಪ್ಪಳದ ಮನೆ ಮುಟ್ಟುವವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ನೀಲಾ ಮಾತಿಗೆ ತಪ್ಪುವವಳಲ್ಲ. ಶೋಕೇಸಿನ ನಡುವಿನ ಅಂಕಣವನ್ನು ಖಾಲಿ ಮಾಡಿ, ಒರೆಸಿ ಇಟ್ಟಿದ್ದಳು. ಅವ್ವ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಇಬ್ಬರ ಎದುರಿಗೆ ನಿಂತು, ಗಂಟಲು ಸರಿಪಡಿಸಿಕೊಂಡು, "ಏಳನೇ ಇಯತ್ತಿಯಿಂದ ಕಾದಿದ್ದ ಗಳಿಗಿ ಇದು" ಎಂದು ಸಣ್ಣ ಭಾಷಣ ಮಾಡಿದೆ. ಟೇಪು ಕತ್ತರಿಸಿದೆ. ಕಾರ್ಡನ್ನು ಹೊರಗೆಳೆದೆ.

ನೀಲಿ ಮೀನು ನನ್ನನ್ನು ನೋಡಿ ನಕ್ಕಿತು.

ಬೆನ್ನ ಮೇಲಿನ ಗುಡಿಯ ಕಳಸ ಫಳಫಳ ಹೊಳೆಯುತ್ತಿತ್ತು. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ತೆಗೆದೆ. ಆ ಕಡೆ ಉಸಿರಾಟ ಮಾತ್ರ ಕೇಳುತ್ತಿತ್ತು. ನಾನೂ ಉಸಿರಾಡಿದೆ. ಆಮೇಲೆ ಮಹಾಂತೇಶನ ದನಿ ಬಂತು.

"ಕಿನ್ನಾಳ?"

"ಹೂಂ, ಕಿನ್ನಾಳ."

"ಈರಣ್ಣ?"

"ಈರಣ್ಣ."

"ಹೆಂಗ ಕೆಡಿಸಿದಿ?"

"ಸಾರಿನ್ಯಾಗ ಕೆಡವಿದೆ. ನೀ?"

"ಮೂಲಿ ಮಡಚಿತ್ತು. ಇಸ್ತ್ರಿ ಮಾಡಿದೆ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು, ಅವನ ಕಡೆ ಯಾವುದೋ ಸ್ಟೀಲು ಕೊಡ ಉರುಳಿದ ಸದ್ದಾಯಿತು. ಈಗ ಪ್ರತಿ ಭಾನುವಾರ ಮಾತಾಡುತ್ತೇವೆ. ನನ್ನ ಆನೆಯನ್ನು ಅವನ ಹೆಂಡತಿ ಅಂಗಡಿಯ ಗಲ್ಲಾದ ಮೇಲೆ, ದೇವರ ಫೋಟೋಗಳ ಸಾಲಿನಲ್ಲಿ ಇಟ್ಟಿದ್ದಾಳಂತೆ. ಅದು ಬಂದ ಮೇಲೆ ವ್ಯಾಪಾರ ಸುಧಾರಿಸಿದೆಯಂತೆ.

ಅಂದು ಫೋನಿಟ್ಟೊಡನೆ ನಾನು ಕೊನೆಯ ದಾಳ ಎಸೆದೆ. ಕಾರ್ಡನ್ನು ತಿರುಗಿಸಿ ಬೆನ್ನು ತೋರಿಸಿದೆ. ಅಲ್ಲಿ ಸಬ್‌ಮರೀನಿನ ನಂಬರು, ತೂಕ, ವೇಗ, ಎಲ್ಲ ಹಾಗೆಯೇ ಇತ್ತು.

"ನೋಡು ನೀಲಾ, ಕಾನೂನಿನ ಪ್ರಕಾರ ಇದು ಸಬ್‌ಮರೀನಾ! ಸೆಟ್ ಪೂರಾ ಆತು."

"ಹಂಗಂದ್ರ ಎಲ್ಲಾ ಕಾರ್ಡನ್ನೂ ಬೆನ್ನು ಮಾಡಿ ಇಡ್ತೀರೇನು?" ಎಂದು ಆಕೆ ನನ್ನ ಕೈಯಿಂದ ಕಾರ್ಡನ್ನು ತೆಗೆದುಕೊಂಡು ಮುಂಭಾಗವನ್ನು ತಿರುಗಿಸಿದಳು. ಅಲ್ಲಿಯೇ ನಿಂತುಬಿಟ್ಟಳು. ಮುಖ ಅರಳಿತು. "ಅಯ್ಯ, ಎಷ್ಟು ಚೆಂದ ಐತ್ರಿ ಇದು! ಇದನ್ಯಾಕ ಮೊದಲ ತೋರಿಸಲಿಲ್ಲ?"

ಅವ್ವನೂ ಎದ್ದು ಬಂದಳು. ಮೀನನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಕೈ ಮುಗಿದಳು.

ನನ್ನ ಸೈನ್ಯ ಈಗ ಮತ್ತೆ ಬಿಸ್ಕೀಟಿನ ಡಬ್ಬಿಯಲ್ಲಿ, ಅಟ್ಟದ ಮೇಲಿದೆ. ಹೊಸದರಂತಿರುವ ಆ ಟ್ಯಾಂಕೂ ಅಲ್ಲಿಯೇ ಇದೆ. ಶೋಕೇಸಿನ ನಡುವಿನ ಅಂಕಣದಲ್ಲಿ, ಎರಡು ಗಿಳಿಗಳ ಮಧ್ಯೆ, ಸಬ್‌ಮರೀನು ನಗುತ್ತ ಕೂತಿದೆ. ಅವ್ವ ದಿನವೂ ಅದರ ಮುಂದೆ ಒಂದು ಹೂವಿಡುತ್ತಾಳೆ. ಬಂದವರೆಲ್ಲ ಯಾವ ದೇವರೆಂದು ಕೇಳುತ್ತಾರೆ. ಇಷ್ಟು ವರ್ಷ ಮೂಲೆ ಮಡಚದಂತೆ, ಧೂಳು ಕೂಡದಂತೆ ಜೋಪಾನ ಮಾಡಿದ ಒಂದು ಕಾರ್ಡನ್ನೂ ಈ ಮನೆಯಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಮಹಾಂತೇಶ ಇಸ್ತ್ರಿ ಮಾಡಿ ಸುಟ್ಟದ್ದಕ್ಕೆ ಮಾತ್ರ ಪೂಜೆ!

ನಿನ್ನೆ ಊಟಕ್ಕೆ ಕೂತಾಗ ನೀಲಾ ಬಹಳ ಅಕ್ಕರೆಯಿಂದ ಬಡಿಸುತ್ತಿದ್ದಳು. ಏನೋ ಕೇಳುವುದಿದೆ ಎಂದು ಆಗಲೇ ಗೊತ್ತಾಯಿತು.

"ರೀ, ಆ ಉಳಿದ ಕಾರ್ಡು ಸುಮ್ಮನ ಅಟ್ಟದ ಮ್ಯಾಲ ಬಿದ್ದಾವಲ್ಲ."

"ಹೂಂ?" ಎಂದೆ ಆಸೆಯಿಂದ.

"ಅವನ್ನೂ ಒಂದೊಂದ ತಂದು ಸಾರಿನ್ಯಾಗ ಕೆಡವ್ರಿ. ಕಿನ್ನಾಳಕ್ಕ ನಾನ ಒಯ್ತೀನಿ."